ಪರಮಶಿವಯ್ಯನವರ ಟೇಪ್ ಡೆಕ್

ಹೊಸ ಟೇಪ್ ಡೆಕ್ ತೋರಿಸಲೆಂದೇ ಪರಮಶಿವಯ್ಯನವರು ಪಕ್ಕದ ಮನೆಯ ಮೇಷ್ಟ್ರನ್ನು ಕರೆದಿದ್ದರು. ಮೇಷ್ಟ್ರ ಹಳೇ ರೇಡಿಯೋದ ಗೊರಗೊರ ಕೇಳಿ ಕೇಳಿ ಅವರಿಗೆ ರೋಸಿಹೋಗಿತ್ತು. ಅಳತೆ ಪಟ್ಟಿ ಹಿಡಿದು ಸ್ಪೀಕರ್ ಜೋಡಿಸಿದರು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಡೆಕ್ಕಿನ ಹೆಡ್ಡು ಒರೆಸಿದರು. ಅಂಗಡಿಯವನು ಹಾಡು ತುಂಬಿಸಿಕೊಟ್ಟ ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ, ಕಣ್ಣು ಮುಚ್ಚಿದರು.

ವೀಣೆ ತೇಲಿ ಬಂತು.

"ಕೇಳಿ ಮೇಷ್ಟ್ರೇ, ತಂತಿ ಮೇಲೆ ಬೆರಳು ಜಾರೋದೂ ಕೇಳ್ಸುತ್ತೆ. ನಿಮ್ಮ ಡಬ್ಬಾ ರೇಡಿಯೋಲಿ ಇದೆಲ್ಲಾ ಎಲ್ಲಿ ಬರ್ಬೇಕು?"

"ಬರಲ್ಲ ಅಂತಲೇ ನಾನೂ ಅಂದ್ಕೊಂಡಿದ್ದೆ," ಎಂದರು ಮೇಷ್ಟ್ರು.

"ಏಳು ಜನ್ಮ ಎತ್ತಿದ್ರೂ ಬರಲ್ಲ ಬಿಡಿ."

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಿಮ್ಮ ಡೆಕ್ಕಿನ ಪ್ಲಗ್ಗು ಕಾಲ ಹತ್ರಾನೇ ಬಿದ್ದಿದೆ ಸ್ವಾಮಿ. ನಮ್ಮ ರೇಡಿಯೋ ಆರಿಸೋದು ಮರೆತು ಬಂದ್ಬಿಟ್ಟೆ. ಹೋಗಿ ಆರಿಸ್ಲಾ, ಇನ್ನೂ ಸ್ವಲ್ಪ ಕೇಳ್ತೀರಾ?"