ನೀಲಿ ಚಿಗ್ದೆಮ್

ಕುಂಡದಲ್ಲಿ ಮೊದಲ ಬಾರಿಗೆ ಬಿಟ್ಟ ಚಿಗ್ದೆಮ್ ಹೂ ನೀಲಿಯಾಗಿತ್ತು. ಜೊಹ್ರೆ ಮಣ್ಣಿಗೆ ಬೆರಳು ಹಾಕಿ ಗಡ್ಡೆಯನ್ನು ತಡವಿದಳು. ಅದರ ಸಿಪ್ಪೆ ಬಲೆಯ ಹಾಗಿತ್ತು.

“ಹಳದಿ ಬಿಡ್ಬೇಕಿತ್ತಲ್ಲ,” ಎಂದ ಗಂಡ ದುರ್ಮುಷ್.

ಕೆಲವು ವರ್ಷಗಳ ಹಿಂದೆ, ಹಿಮ ಕರಗುತ್ತಿದ್ದಾಗ, ಪುಲಾವಿಗೆಂದು ಚಿಗ್ದೆಮ್ ಗಡ್ಡೆ ಅಗೆಯಲು ಹೋದ ಮಗಳು ಎಲ್ಮಾಸ್ ಮರಳಿರಲಿಲ್ಲ. ಹೊಳೆಯಲ್ಲಿ ಸಿಕ್ಕ ಅವಳ ತಲೆವಸ್ತ್ರದ ಗಂಟಿನಲ್ಲಿದ್ದ ಎಳೆಯ ಗಡ್ಡೆಗಳನ್ನೇ ಜೊಹ್ರೆ ನೆಟ್ಟಿದ್ದಳು. ಊರವರು ಹುಡುಕಿದ್ದು ಹಳದಿ ಚಿಗ್ದೆಮ್ ಬೆಳೆಯುವ ಬಿಸಿಲುಗುಡ್ಡವನ್ನು ಮಾತ್ರ.

“ಬಲೆ ಸಿಪ್ಪೇದು ಎಲ್ಲಿ ಬೆಳೆಯುತ್ತೆ, ಹೇಳಿ,” ಎಂದಳು ಜೊಹ್ರೆ.

“ಕಮರಿ ಆಚೆ.” ದುರ್ಮುಷ್ ಕುಂಡದತ್ತ ಬಗ್ಗಿದ. “ಅಲ್ಲಿ ಮಾತ್ರ.”

ಜೊಹ್ರೆ ಮಣ್ಣಿನಿಂದ ಬೆರಳು ತೆಗೆಯಲಿಲ್ಲ. “ಆವತ್ತು ರಾತ್ರಿ ಕಮರಿ ಆಚೆಯಿಂದ ಕೂಗು ಕೇಳಿಸ್ತಿದೆ ಅಂದೆ. ನರಿ ಕಣೇ, ಮಲಗು ಅಂದ್ರಿ ನೀವು.”