ಫ್ರೆಟ್ಸ್ ಮಾಡಿದ ಪ್ರಾರ್ಥನೆ

ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತ ಮೀನುಗಾರ ಫ್ರೆಟ್ಸ್‌ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ವೆಲ್ಮಿನಾ ಅಜ್ಜಿ ಅವನತ್ತ ಬಾಗಿದಳು. ಸಪರುವಾ ದ್ವೀಪದ ಆ ಪುಟ್ಟ ಚರ್ಚಿನಲ್ಲಿ ಅವನು ಎದ್ದು ನಿಂತು ಮಾಡುವ ಮೊದಲ ಪ್ರಾರ್ಥನೆ ಅದು. ಮಳೆಗಾಲವಿಡೀ ಕೂರಿಸಿಕೊಂಡು ಅವಳೇ ಬಾಯಿಪಾಠ ಮಾಡಿಸಿದ್ದಳು. ವಯಸ್ಸಾಯಿತು, ಇವನೇ ಕೊನೆಯ ಶಿಷ್ಯ, ಇನ್ನು ತನ್ನ ಕೆಲಸ ಮುಗಿಯಿತು ಎಂದು ಪಾದ್ರಿಗೆ ಹೇಳಿಯೂ ಆಗಿತ್ತು. "ಪರಲೋಕದಲ್ಲಿರುವ..." ಎಂದು ಪಿಸುಗುಟ್ಟಿದಳು.

"ಬೇಡ ಬಿಡಜ್ಜಿ," ಎಂದ ಫ್ರೆಟ್ಸ್, ಕಣ್ಣು ತೆರೆಯದೆ. "ಸ್ವಾಮಿ, ಅಜ್ಜಿ ಕಲಿಸಿದ್ದು ಮರ್ತೋಯ್ತು. ಅವಳ ಬಾಯಲ್ಲೇ ನೀನು ದಿನಾ ಕೇಳಿರ್ತೀಯ, ಅದನ್ನೇ ನಂದೂ ಅಂತ ಇಟ್ಕೋ. ನಂದು ಬೇರೆ ವಿಷ್ಯ. ನನ್ನ ಬಲೆ ಕದ್ದ ಯೋಪಿ ಇಲ್ಲೇ ಹಿಂದೆ ಕೂತಿದಾನೆ. ಅವನ ಎರಡೂ ಕಾಲು ಮುರೀಬೇಕು ಅಂತಿದ್ದೆ. ಅಜ್ಜಿ ಪಾಠ ಕೇಳ್ತಾ ಕೇಳ್ತಾ ಒಂದು ಕಾಲಿಗೆ ಇಳಿದೆ. ಇವತ್ತು ಅದನ್ನೂ ಬಿಟ್ಟೆ. ಬಲೆ ಅವನೇ ಇಟ್ಕೊಳ್ಲಿ, ಅವನ ಮಕ್ಕಳೂ ಮೀನು ತಿನ್ಲಿ. ಆಮೆನ್."

ಚರ್ಚಿಗೆ ಚರ್ಚೇ ಗೊಳ್ಳೆಂದಿತು. ಪಾದ್ರಿ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅಜ್ಜಿ ಮಾತ್ರ ನಗಲಿಲ್ಲ. ಕಳ್ಳನ ಮಕ್ಕಳೂ ಮೀನು ತಿನ್ನಲಿ ಎಂಬ ಆ ಮಾತನ್ನು ತಾನು ಅವನಿಗೆ ಎಂದೂ ಹೇಳಿಕೊಟ್ಟಿರಲಿಲ್ಲ ಎಂಬುದು ಹೊಳೆದು ಅವಳ ಕಣ್ಣು ತುಂಬಿ ಬಂದಿತ್ತು. ಅಷ್ಟರಲ್ಲಿ ಯೋಪಿ ಹಿಂದಿನಿಂದ ಎದ್ದು, ತಲೆ ತಗ್ಗಿಸಿಕೊಂಡು ಅವಳ ಪಕ್ಕ ಬಂದು ನಿಂತ.

"ಬಲೆ ವಾಪಸ್ ಕೊಡ್ತೀನಜ್ಜಿ. ನಂಗೂ ಕಲಿಸ್ತೀಯಾ? ಆದ್ರೆ ನಂದು ಅವನಿಗಿಂತ ಮಂದ ಬುದ್ಧಿ."

"ಅವನಿಗಿಂತ್ಲೂನಾ?" ಎಂದು ಅಜ್ಜಿ ನಿಟ್ಟುಸಿರುಬಿಟ್ಟು, ಬೆಂಚಿನಲ್ಲಿ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.