ಹುಲಿಗೆ ಕಣ್ಣು

ಭಟ್ಟಿಯಿಂದ ತೆಗೆದು ಆಗಷ್ಟೇ ಆರಿದ ಪಿಂಗಾಣಿ ಪದಕದಲ್ಲಿ, ಮಾದಪ್ಪ ದೇವರು ಏರುವ ಹುಲಿಗೆ ಕಣ್ಣೇ ಇರಲಿಲ್ಲ. ತಂಗಿಯ ಹೆರಿಗೆಗೆ ರಕ್ಷೆಯೆಂದು ಅದನ್ನು ಮಾಡಿದ್ದ ಅನುಪಮಾ, ಕಣ್ಣನ್ನು ಕೊನೆಗೆ ಕೈಮುಗಿದು ಬರೆಯೋಣವೆಂದು ಬಿಟ್ಟು, ಆತುರದಲ್ಲಿ ಹಾಗೆಯೇ ಸುಟ್ಟುಬಿಟ್ಟಿದ್ದಳು. ಹೊರಗೆ ಆಟೊ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು.

"ಕುರುಡು ಹುಲಿ ಕಟ್ಕೊಂಡು ನಾನು ಆಸ್ಪತ್ರೆಗೆ ಬರಲ್ಲ ಕಣಕ್ಕ." ತಂಗಿ ಭಾನುಪ್ರಿಯಾ ಹೊಟ್ಟೆ ಹಿಡಿದು ಹೊಸ್ತಿಲಲ್ಲೇ ಕುಳಿತಳು. ಹೋದ ಸಲ ಮಗು ಹೆರಿಗೆಯಲ್ಲೇ ತೀರಿಹೋಗಿತ್ತು. ನೋವು ಮತ್ತೆ ಬಂತು.

"ಹುಲಿ ನಿನ್ನಂಗೆ ಹೆದರ್ಕೊಂಡು ಕೂರಲ್ಲ ಕಣವ್ವ," ತಾಯಿ ಚಿಕ್ಕಮಾದಮ್ಮ ಗದರಿದಳು. "ಕಣ್ಣು ಬೇಕಾ? ನೀನೇ ಇಡು, ಏಳು!"

ಭಾನುಪ್ರಿಯಾ ಬಾಗಿಲ ಚೌಕಟ್ಟು ಹಿಡಿದು ಎದ್ದಳು. "ಅಕ್ಕ, ಬೀರುನಲ್ಲಿ ಕಾಡಿಗೆ ಡಬ್ಬಿ ಐತೆ, ಕೊಡು."

ಅದು ಹೋದ ಮಗುವಿಗೆಂದು ಮಾಡಿಟ್ಟು, ಆಮೇಲೆ ಯಾರೂ ಮುಟ್ಟದ ಕಾಡಿಗೆ. ಭಾನುಪ್ರಿಯಾ ತಾನೇ ಮುಚ್ಚಳ ತೆಗೆದು, ಬೆರಳ ತುದಿಯಿಂದ ಹುಲಿಗೆ ಎರಡು ಕಣ್ಣಿಟ್ಟಳು. ಆಮೇಲೆ ಡಬ್ಬಿಯನ್ನು ಆಸ್ಪತ್ರೆಯ ಚೀಲಕ್ಕೆ ಹಾಕಿಕೊಂಡು ಆಟೊ ಹತ್ತಿದಳು.